ಹಿಟ್ಟಿನ ಸೀಮೆಗೆ ಗೋಧಿ ಬಂದ ದಾರಿ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಊಟವಾಯಿತೇ ಎಂದು ವಿಚಾರಿಸುವವರು ‘ಹಿಟ್ಟು ತಿಂದ್ಯಾ?’ ಎನ್ನುತ್ತಾರೆ. ಯಾವ ಹಿಟ್ಟು ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಹಿಟ್ಟು ಎಂದರೆ ರಾಗಿ, ರಾಗಿ ಎಂದರೆ ಮುದ್ದೆ. ತೆಲುಗು ಮನೆಮಾತಿನವರಲ್ಲಿ ಅದೇ ಸಂಗಟಿ. ಗೋಧಿಯದಾದರೆ ಮಾತ್ರ ‘ಗೋಧಿ ಹಿಟ್ಟು’ ಎಂದು ಬಿಡಿಸಿ ಹೇಳಬೇಕು. ಒಂದು ಸೀಮೆಯ ಹೊಟ್ಟೆ ಯಾವ ಕಾಳಿನ ಮೇಲೆ ನಿಂತಿದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಕಿಲ್ಲ.

ಇದರ ಜೊತೆಗೇ ಹಿರಿಯರು ಇಟ್ಟುಕೊಂಡು ಬಂದ ಇನ್ನೊಂದು ಲೆಕ್ಕವಿದೆ: ರಾಗಿ ತಂಪು, ಗೋಧಿ ಉಷ್ಣ. ಬಿಸಿಲಲ್ಲಿ ಹೊಲಕ್ಕೆ ಹೋಗುವವರಿಗೆ ಮಜ್ಜಿಗೆ ಬೆರೆಸಿದ ಅಂಬಲಿ. ನಾಲ್ಕು ದಿನ ಬಿಡದೆ ಚಪಾತಿ ತಿಂದು ಬಾಯಲ್ಲಿ ಹುಣ್ಣೆದ್ದರೆ ‘ಉಷ್ಣ ಆಯ್ತು’ ಎಂಬ ತೀರ್ಮಾನ. ಥರ್ಮಾಮೀಟರು ಇಲ್ಲದ ಕಾಲದಲ್ಲಿ ಅಂಗೈಯ ಹಿಂಬದಿಯನ್ನು ಹಣೆಗೋ ಕತ್ತಿಗೋ ಒತ್ತಿ ಜ್ವರ ನೋಡುತ್ತಿದ್ದ ಜನ, ಊಟವನ್ನೂ ಮೈಯ ಕಾವಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ಗೋಧಿಯೊಳಗಿನ ಗ್ಲುಟೆನ್ ಎಂಬ ಸಸಾರಜನಕ ಕೆಲವರ ಕರುಳಿಗೆ ಒಗ್ಗದೆ ಉಂಟುಮಾಡುವ ಸೀಲಿಯಾಕ್ ಕಾಯಿಲೆಯ ಕಥೆಯೂ ಮೈಯ ಕಾವಿನಿಂದಲೇ ಶುರುವಾಗುತ್ತದೆ. ಆದರೆ ಅಲ್ಲಿ ಕಾಣಿಸುವುದು ಉಷ್ಣವಲ್ಲ, ತಣ್ಣಗಾದ ಮೈ.

ಸುಮಾರು 1,900 ವರ್ಷಗಳ ಹಿಂದೆ ಕಪಡೋಸಿಯದ ವೈದ್ಯ ಅರಟೇಯಸ್ ಗ್ರೀಕ್ ಭಾಷೆಯಲ್ಲಿ ಒಂದು ಹೊಟ್ಟೆಯ ಬೇನೆಯನ್ನು ವಿವರಿಸಿದ. ಹೊಟ್ಟೆಗೆ ಗ್ರೀಕಿನಲ್ಲಿ ‘ಕೊಯ್ಲಿಯ’. ಸೀಲಿಯಾಕ್ ಎಂಬ ಹೆಸರು ಬಂದದ್ದು ಅಲ್ಲಿಂದ. ತಿಂದದ್ದು ಅರಗದೆ ಹೊರಬೀಳುತ್ತದೆ, ರೋಗಿ ಬಿಳಿಚಿಕೊಂಡು ಸೊರಗುತ್ತಾನೆ, ಬೇನೆ ವರ್ಷಗಟ್ಟಲೆ ಬಿಡುವುದಿಲ್ಲ. ಕಾರಣವನ್ನು ಹುಡುಕುತ್ತ ಅರಟೇಯಸ್ ಹೋದದ್ದು ಹೊಟ್ಟೆಯ ಬಿಸಿಯ ಕಡೆಗೆ. ಅನ್ನ ಅರಗುವುದೆಂದರೆ ಒಳಗಿನ ಕಾವಿನಲ್ಲಿ ಬೇಯುವುದು, ಆ ಕಾವು ತಣ್ಣಗಾದರೆ ಅಡುಗೆ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಅವನ ಕಾಲದ ತಿಳಿವಳಿಕೆ.

ಕನ್ನಡ ನಾಡಿನ ಓದುಗರಿಗೆ ಇದು ಹೊಸದೆನಿಸುವುದಿಲ್ಲ. ಜಠರಾಗ್ನಿ ಎಂಬ ಮಾತು ನಮ್ಮ ಅಡುಗೆಮನೆಯಲ್ಲೂ ಓಡಾಡುತ್ತದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 15ನೇ ಅಧ್ಯಾಯ ಗ್ರಹಣಿ ರೋಗಕ್ಕೇ ಮೀಸಲು. ಅಗ್ನಿ ಮಂದವಾದಾಗ ಗ್ರಹಣಿ ಅನ್ನವನ್ನು ಹಿಡಿದಿಟ್ಟುಕೊಳ್ಳಲಾರದು, ಅರೆಬೆಂದದ್ದನ್ನೇ ಬಿಟ್ಟುಬಿಡುತ್ತದೆ ಎನ್ನುವ ಈ ವಿವರಣೆಗೂ ಅರಟೇಯಸನ ಮಾತಿಗೂ ಇರುವ ಹೋಲಿಕೆ ಬೆರಗು ಹುಟ್ಟಿಸುತ್ತದೆ. ಹಾಗೆಂದು ಗ್ರಹಣಿಯೇ ಸೀಲಿಯಾಕ್ ಎನ್ನಲಾಗದು. ಗ್ರಹಣಿಯ ಹೆಸರಿನಡಿ ಕರುಳಿನ ಹಲವು ತೊಂದರೆಗಳು ಸೇರಿಕೊಂಡಿವೆ. ಅದಕ್ಕೆ ಹೇಳಿದ ಪಥ್ಯದಲ್ಲಿ ಮಜ್ಜಿಗೆಗೆ ದೊಡ್ಡ ಸ್ಥಾನವಿದೆ. ಅದೇ ಮಜ್ಜಿಗೆ ಈ ಸೀಮೆಯಲ್ಲಿ ರಾಗಿ ಅಂಬಲಿಯ ಜೊತೆಗಾರ.

ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ನೆಲ ಮಾತ್ರ ಎರಡೂ ಕಡೆ ಒಂದೇ: ಕೆಂಪು ಮಣ್ಣು, ಬಂಡೆಗುಡ್ಡ, ಮಳೆಯನ್ನೇ ನೆಚ್ಚಿದ ಕೆರೆಗಳು. ನಂದಿ ಬೆಟ್ಟದ ಸುತ್ತ ಹಲವು ನದಿಗಳು ಹುಟ್ಟುತ್ತವೆ, ವರ್ಷವಿಡೀ ಹರಿಯುವುದು ಒಂದೂ ಇಲ್ಲ. ಗೌರಿಬಿದನೂರಿನ ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳು ಕಂಡವರೇ ಹೆಚ್ಚು. ಇಂಥ ನೆಲದಲ್ಲಿ ನೆಚ್ಚಿಕೊಳ್ಳಬಹುದಾದ ಬೆಳೆ ರಾಗಿ. ಸಾಲಿನ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಕೈಕೊಟ್ಟರೂ ಇನ್ನೊಂದು ಮನೆ ಸೇರುತ್ತಿತ್ತು. ಬಸ್ಸಾರು, ಉಪ್ಪುಸಾರು, ಹಿದುಕಿದಬೇಳೆ ಸಾರು ಎಲ್ಲವೂ ಹುಟ್ಟಿದ್ದು ಇದೇ ಸಾಲುಗಳಲ್ಲಿ.

ರಾಗಿಗೆ ಇನ್ನೊಂದು ಗುಣವಿದೆ. ಹುಳ ಹತ್ತುವುದು ಬಹಳ ಕಡಿಮೆ. ನೆಲದೊಳಗೆ ಅಗೆದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ ಎಂಬ ಭಯವಿತ್ತು, ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದರು. 1876–78ರ ಬರಗಾಲ ಈ ಹಗೇವುಗಳನ್ನೂ ಬರಿದು ಮಾಡಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಕುಸಿಯಿತು. ಗಂಜಿ ಕೇಂದ್ರಗಳಿಗೆ ತಲುಪಿದವರಲ್ಲೂ ಎಷ್ಟೋ ಜನ ಬದುಕಲಿಲ್ಲ. ತಿಂಗಳುಗಟ್ಟಲೆ ಹಸಿದ ಕರುಳು ಕೊನೆಗೆ ಸಿಕ್ಕ ಅನ್ನವನ್ನೂ ಅರಗಿಸಲಾರದೆ ಭೇದಿಯಾಗಿ ಸೋಲುತ್ತಿತ್ತು. ಹಸಿವು ಮೈಯನ್ನು ತಣ್ಣಗಾಗಿಸುತ್ತದೆ, ಕರುಳನ್ನು ಸವೆಸುತ್ತದೆ ಎಂಬುದನ್ನು ಈ ಸೀಮೆ ಪುಸ್ತಕ ಓದಿ ಕಲಿಯಲಿಲ್ಲ.

ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಕಾಳುಗಳ ನಡುವೆ ಜಗಳವಾಗುತ್ತದೆ. ಅದು ಭತ್ತಕ್ಕೂ ರಾಗಿಗೂ, ಅಂದರೆ ನರೆದಲೆಗನಿಗೂ ನಡೆದ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಭತ್ತ ಕಂಗೆಡುತ್ತದೆ, ರಾಗಿ ಗಟ್ಟಿಯಾಗಿ ಹೊರಬರುತ್ತದೆ. ಹಗೇವಿನಿಂದ ರಾಗಿ ಹೊರತೆಗೆದ ಅನುಭವವಿದ್ದವರಿಗೆ ಆ ತೀರ್ಪು ಕಟ್ಟುಕಥೆ ಅನಿಸಿರಲಾರದು. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ: 16ನೇ ಶತಮಾನದ ಈ ವಾದದಲ್ಲಿ ಗೋಧಿ ಕಕ್ಷಿದಾರನಲ್ಲ. ಮೇಲು–ಕೀಳಿನ ಪ್ರಶ್ನೆ ಇದ್ದದ್ದು ಅಕ್ಕಿ ಉಣ್ಣುವವರಿಗೂ ಮುದ್ದೆ ಉಣ್ಣುವವರಿಗೂ ನಡುವೆ.

ಹಾಗಾದರೆ ಗೋಧಿ ಇರಲೇ ಇಲ್ಲವೇ? ಇತ್ತು. ಜವೆಗೋಧಿ ಹಳೆ ಮೈಸೂರಿಗೆ ಹೊಸದಲ್ಲ. ನವಧಾನ್ಯದ ಒಂದು ಪಾಲು ಗೋಧಿಯದು. ಆದರೆ ಅದು ಹಬ್ಬದ ದಿನದ ನೆಂಟ: ಯುಗಾದಿಯ ಒಬ್ಬಟ್ಟು, ಮದುವೆಮನೆಯ ಚಿರೋಟಿ, ಸತ್ಯನಾರಾಯಣ ಪೂಜೆಯ ಸಜ್ಜಿಗೆ. ಒಬ್ಬಟ್ಟಿನ ಕಣಕವನ್ನು ನಾದಿ, ಎಣ್ಣೆಯಲ್ಲಿ ನೆನೆಯಿಟ್ಟು, ಕಡುಬಿನಷ್ಟು ಹೂರಣದ ಸುತ್ತ ಹರಿಯದಂತೆ ಎಳೆಯುತ್ತಾರಲ್ಲ, ಆ ಎಳೆತಕ್ಕೆ ಬರುವ ಜಿಗುಟೇ ಗ್ಲುಟೆನ್. ರಾಗಿಯಲ್ಲಿ ಅದಿಲ್ಲ. ಆದ್ದರಿಂದಲೇ ರಾಗಿ ಹಿಟ್ಟು ತಣ್ಣೀರಲ್ಲಿ ಚಪಾತಿಯ ಹಾಗೆ ಲಟ್ಟಿಸಲು ಬಗ್ಗುವುದಿಲ್ಲ. ಕುದಿವ ಎಸರಿಗೆ ಸುರಿದು, ಕೋಲಿನಲ್ಲಿ ಗಂಟಿಲ್ಲದಂತೆ ತೊಳಸಿ, ಒದ್ದೆ ಕೈಯಲ್ಲಿ ಕಟ್ಟಬೇಕು. ರೊಟ್ಟಿಯಾದರೆ ಕೈಯಲ್ಲಿ ತಟ್ಟಬೇಕು. ಮುದ್ದೆ ಎಂಬ ಅಡುಗೆಯ ಕ್ರಮವೇ ಗ್ಲುಟೆನ್ ಇಲ್ಲದ ಹಿಟ್ಟನ್ನು ಒಗ್ಗೂಡಿಸಲು ಹೆಂಗಸರು ಕಂಡುಕೊಂಡ ಉಪಾಯ. ಇಂದಿನ ಆಹಾರ ತಂತ್ರಜ್ಞಾನದ ತರಗತಿಗಳಲ್ಲಿ ಇದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಕೂಸಿನ ಮೊದಲ ಊಟವೂ ರಾಗಿಯದೇ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿಯಾಡಿದ ಪುಡಿಯೇ ರಾಗಿ ಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ. ಅಕ್ಕಿ, ಗೋಧಿ ಎರಡೂ ಇದರ ಹತ್ತಿರ ಬರಲಾರವು. ಸೀಲಿಯಾಕ್ ಕಾಯಿಲೆ ಮಕ್ಕಳಲ್ಲಿ ಬೇಗ ಕಾಣಿಸಿಕೊಳ್ಳುವುದು ಗೋಧಿ ಬಾಯಿಗೆ ಬಿದ್ದ ಮೇಲೆ. ಸ್ವೀಡನ್ನಿನಲ್ಲಿ 1980ರ ದಶಕದ ನಡುವಿನಿಂದ 1990ರ ದಶಕದ ನಡುವಿನವರೆಗೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಕಾಯಿಲೆ ಸಾಂಕ್ರಾಮಿಕದ ಹಾಗೆ ಏರಿ ಆಮೇಲೆ ಇಳಿಯಿತು. ಕೂಸಿಗೆ ಗೋಧಿಯನ್ನು ಯಾವಾಗ, ಎಷ್ಟು, ಹೇಗೆ ಕೊಡಬೇಕು ಎಂಬ ಪದ್ಧತಿ ಆ ವರ್ಷಗಳಲ್ಲಿ ಬದಲಾಗಿತ್ತು. ಶಿಡ್ಲಘಟ್ಟದ ಅಜ್ಜಿಯರು ಸರಿ ಬೀಸುತ್ತಿದ್ದಷ್ಟು ಕಾಲ ಇಲ್ಲಿ ಅಂಥ ಪ್ರಶ್ನೆಯೇ ಏಳಲಿಲ್ಲ.

ಗೋಧಿ ಹಬ್ಬದಿಂದ ಇಳಿದು ದಿನದ ತಟ್ಟೆಗೆ ಬಂದ ದಾರಿ ಒಂದಲ್ಲ. ಮೊದಲನೆಯದು ರೋಗಿಯ ಮಂಚದ ಪಕ್ಕದ್ದು. 20ನೇ ಶತಮಾನದ ಆದಿಯಲ್ಲಿ ಲಂಡನ್ ಮಿಷನರಿ ಸೊಸೈಟಿ ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ತೆರೆಯಿತು. ಇಂದಿಗೂ ಅದು ಸಿ.ಎಸ್.ಐ. ಆಸ್ಪತ್ರೆಯಾಗಿ ಉಳಿದಿದೆ. 1910ರ ದಶಕದಲ್ಲಿ ನ್ಯಾರೋಗೇಜ್ ರೈಲು ಬಂದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 19ನೇ ಶತಮಾನದ ಕೊನೆಗೆ ಶುರುವಾದ ಅಯ್ಯಂಗಾರ್ ಬೇಕರಿಯ ಪರಂಪರೆ ಕ್ರಮೇಣ ತಾಲ್ಲೂಕು ಪೇಟೆಗಳಿಗೂ ಹಬ್ಬಿತು. ಪಾಶ್ಚಾತ್ಯ ವೈದ್ಯದ ಜೊತೆ ‘ಹಗುರ ಆಹಾರ’ ಎಂಬ ಹೊಸ ಪಥ್ಯ ಬಂತು. ಜ್ವರ ಬಂದವರಿಗೆ ಗಂಜಿಯ ಬದಲು ಬನ್ನು, ಬ್ರೆಡ್ಡು. ಆಸ್ಪತ್ರೆಗೆ ನೋಡಲು ಹೋಗುವವರ ಕೈಚೀಲದಲ್ಲಿ ಮೂಸಂಬಿ, ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿ. ಹಾರ್ಲಿಕ್ಸ್ ಆದರೂ ಮೊಳೆತ ಬಾರ್ಲಿ ಮತ್ತು ಗೋಧಿ ಹಿಟ್ಟಿನದು, ಎರಡರಲ್ಲೂ ಗ್ಲುಟೆನ್ ಉಂಟು. ಪ್ರೀತಿಯಿಂದ ತಂದುಕೊಟ್ಟದ್ದೇ ಬೇನೆಯನ್ನು ಬೆಳೆಸುವ ರೋಗಿಗಳೂ ಇರಬಹುದು ಎಂದು ಯಾರಿಗೆ ಗೊತ್ತಿತ್ತು?

ಎರಡನೆಯ ದಾರಿ ಕೊರತೆಯದು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿನ ಅಕ್ಕಿ ನಿಂತುಹೋಯಿತು, ರೇಷನ್ ಬಂತು. ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ಆಗಲೇ ಎಂದು ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತ ಬಂದಿದ್ದಾರೆ. ರವೆ ಇಡ್ಲಿಯ ಹಿಂದೆ ಯುದ್ಧದ ನೆರಳಿದೆ. 1954ರಲ್ಲಿ ಅಮೆರಿಕದ ಪಿ.ಎಲ್. 480 ಕಾನೂನು ಜಾರಿಯಾದ ಮೇಲೆ ಅಲ್ಲಿನ ಗೋಧಿ ಹಡಗುಗಳಲ್ಲಿ ಬರತೊಡಗಿತು. 1966ರ ಬರದ ವರ್ಷ ಭಾರತದ ಧಾನ್ಯದ ಆಮದು 1 ಕೋಟಿ ಟನ್ ಮುಟ್ಟಿತ್ತು. ಆ ಕಾಲದಲ್ಲಿ ಶಾಲೆ ಕಲಿತವರು ಮಧ್ಯಾಹ್ನದ ಉಪ್ಪಿಟ್ಟು ಮತ್ತು ಹಾಲಿನ ಪುಡಿಯನ್ನು, ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಹೆಸರು ಸೇರಿಸಿ, ಈಗಲೂ ‘ಕೇರ್ ಉಪ್ಪಿಟ್ಟು’ ಎಂದೇ ನೆನೆಯುತ್ತಾರೆ. ಅದು ಹಸಿದ ಮಕ್ಕಳ ಹೊಟ್ಟೆ ತುಂಬಿಸಿತು. ಅದರ ಉಪಕಾರವನ್ನು ಸಣ್ಣದು ಮಾಡಬಾರದು. ಹಸಿರು ಕ್ರಾಂತಿಯ ನಂತರ ಪಂಜಾಬಿನ ಗೋಧಿ ನ್ಯಾಯಬೆಲೆ ಅಂಗಡಿಯ ಮೂಟೆಯಲ್ಲಿ ಕಾಯಂ ಆಯಿತು.

ಆಮೇಲಿನದು ಎಲ್ಲರೂ ಕಂಡದ್ದು. ಸಕ್ಕರೆ ಕಾಯಿಲೆ ಬಂದವರಿಗೆ ‘ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ’ ಎಂಬ ಸಲಹೆ. ಶನಿವಾರದ ಒಪ್ಪತ್ತಿಗೆ ಉಪ್ಪಿಟ್ಟು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ಮಂಡಿಗೆ ನಸುಕಿನಲ್ಲೇ ಬರುವವರಿಗೆ ಟೀ ಜೊತೆ ಬನ್ನು, ಬಿಸ್ಕತ್ತು. ರಾತ್ರಿಯಾದರೆ ರಸ್ತೆ ಬದಿಯಲ್ಲಿ ಪರೋಟ, ಗೋಬಿ ಮಂಚೂರಿ. ರಾಗಿಯ ಹೊಲಗಳೂ ದ್ರಾಕ್ಷಿ, ಹಿಪ್ಪುನೇರಳೆ, ಟೊಮೆಟೊ, ನೀಲಗಿರಿ ತೋಪುಗಳಿಗೆ ಜಾಗ ಬಿಟ್ಟುಕೊಟ್ಟವು.

ಇತ್ತ ಗೋಧಿ ನಮ್ಮ ಕಡೆ ನಡೆದು ಬರುತ್ತಿದ್ದಾಗ ಅತ್ತ ಯುರೋಪಿನಲ್ಲಿ ಅದರ ಗುಟ್ಟೊಂದು ಬಯಲಾಯಿತು. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ವಿಲ್ಲೆಮ್ ಕಾರೆಲ್ ಡಿಕ್ಕೆಗೆ ಯುದ್ಧಕ್ಕೂ ಮೊದಲೇ ಬ್ರೆಡ್ಡಿನ ಮೇಲೆ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗಕ್ಕೆ ಧಾನ್ಯವೇ ಬರಲಿಲ್ಲ. ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿರುವಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ಡು ಮರಳಿದಾಗ ಅವರಿಗೆ ಬೇನೆಯೂ ಮರಳಿತು. ಡಿಕ್ಕೆ 1950ರ ತನ್ನ ಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟ.

ಹಸಿವಿನ ಇನ್ನೊಂದು ಪಾಠ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಅಮೆರಿಕದ ಮಿನೆಸೋಟದಲ್ಲಿ ನಡೆಯಿತು. ಆನ್ಸೆಲ್ ಕೀಸ್ 36 ಯುವಕರನ್ನು, ಅವರ ಒಪ್ಪಿಗೆಯ ಮೇಲೆ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರ ತೂಕದ ಜೊತೆ ಮೈಯ ತಾಪವೂ ಇಳಿಯಿತು. ಬೇಸಿಗೆಯಲ್ಲೂ ಅವರಿಗೆ ಕಂಬಳಿ ಬೇಕಾಯಿತು. ಅನ್ನ ಸಾಲದಾದಾಗ ದೇಹ ತನ್ನ ಒಲೆಯ ಉರಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸೀಲಿಯಾಕ್ ರೋಗಿಯ ಹೊಟ್ಟೆ ತುಂಬಿರುತ್ತದೆ, ಆದರೆ ಸವೆದ ಕರುಳು ಸಾರವನ್ನು ಹೀರಲಾರದು. ಒಳಗೆ ನಡೆಯುವುದು ಹಸಿವೇ.

ಮೈ ತಣ್ಣಗಿರುವುದಕ್ಕೂ ಈ ಕಾಯಿಲೆಗೂ ಇರಬಹುದಾದ ನಂಟು ಇಲ್ಲಿದೆ. 37 ಡಿಗ್ರಿ ಸೆಲ್ಸಿಯಸ್ ಎಂಬ ಲೆಕ್ಕವನ್ನು ಜರ್ಮನಿಯ ವುಂಡರ್‌ಲಿಶ್ 1868ರಲ್ಲಿ ಸುಮಾರು 25,000 ರೋಗಿಗಳ ಅಳತೆಯಿಂದ ಹೊರತೆಗೆದ. ಅದು ಸರಾಸರಿ ಮಾತ್ರ. ಬೆಳಗಿನ ಜಾವ 36.2 ಇದ್ದರೆ ಅದು ರೋಗವಲ್ಲ. 35ರ ಕೆಳಗಿಳಿದರೆ ಮಾತ್ರ ಅಪಾಯ. ಕಡಿಮೆ ತಾಪವನ್ನು ನೋಡಿಯೇ ಸೀಲಿಯಾಕ್ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಆದರೆ ಎರಡು ಸೇತುವೆಗಳಿವೆ. ಒಂದು, ರಕ್ತಹೀನತೆ. ಕಬ್ಬಿಣದಂಶ ಹೀರುವ ಕರುಳಿನ ಮೇಲ್ತುದಿಯನ್ನೇ ಈ ಕಾಯಿಲೆ ಮೊದಲು ಹಾಳುಮಾಡುತ್ತದೆ, ಕಬ್ಬಿಣ ಕಡಿಮೆಯಾದ ದೇಹ ಚಳಿಯಲ್ಲಿ ಕಾವು ಕಾಯ್ದುಕೊಳ್ಳಲು ಒದ್ದಾಡುತ್ತದೆ. ಇನ್ನೊಂದು, ಥೈರಾಯಿಡ್. ದೇಹದ ರಕ್ಷಣಾ ಪಡೆ ತನ್ನ ಮೇಲೆಯೇ ತಿರುಗಿಬೀಳುವ ಗುಣ ಸೀಲಿಯಾಕ್‌ನದು. ಹಾಗೆ ತಿರುಗಿಬಿದ್ದು ಥೈರಾಯಿಡ್ ಗ್ರಂಥಿಯನ್ನು ಕೆಡಿಸುವ ಕಾಯಿಲೆ ಇಂಥವರಲ್ಲಿ ಉಳಿದವರಿಗಿಂತ ಹೆಚ್ಚು. ಥೈರಾಯಿಡ್ ಸೋತರೆ ಚಳಿ ತಡೆಯಲಾಗದು, ಚರ್ಮ ತಣ್ಣಗೆ ಒಣಗುತ್ತದೆ.

ದಕ್ಷಿಣದಲ್ಲಿ ಇದು ಇಷ್ಟು ದಿನ ಲೆಕ್ಕಕ್ಕೆ ಬಾರದಿರಲು ಕಾರಣವಿದೆ. ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯ ಆಧುನಿಕ ವಿವರಣೆ ಬರೆದಾಗ, ಭಾರತದಿಂದ ಮರಳಿದ ಇಂಗ್ಲಿಷರಲ್ಲೂ ಇಂಥ ಭೇದಿ ಕಾಣುತ್ತದೆ ಎಂದಿದ್ದ. ಅದು ಬಹುಮಟ್ಟಿಗೆ ಇನ್ನೊಂದು ಬೇನೆ, ಟ್ರಾಪಿಕಲ್ ಸ್ಪ್ರೂ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 20ನೇ ಶತಮಾನದ ನಡುವಿನಿಂದ ಇದೇ ಸ್ಪ್ರೂ ಮೇಲೆ ದೊಡ್ಡ ಕೆಲಸ ಮಾಡಿತು. ಸೊರಗಿದ, ಬಿಳಿಚಿಕೊಂಡ, ಭೇದಿಯ ರೋಗಿ ಬಂದರೆ ಇಲ್ಲಿನ ವೈದ್ಯರ ಮನಸ್ಸು ಸ್ಪ್ರೂ, ಕ್ಷಯ, ಕೊಕ್ಕೆಹುಳುಗಳ ಕಡೆಗೆ ಹೋಗುವುದು ಸಹಜ. ಸೀಲಿಯಾಕ್ ಉತ್ತರದ ಗೋಧಿ ಸೀಮೆಯವರ ಕಾಯಿಲೆ ಎಂಬ ನಂಬಿಕೆ ಉಳಿಯಿತು.

ಆ ನಂಬಿಕೆ ಅರ್ಧ ನಿಜ. 2016ರಲ್ಲಿ ಪ್ರಕಟವಾದ, ದೇಶದ ಮೂರು ದಿಕ್ಕುಗಳ 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಸಿಕ್ಕವು. ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಮಾತ್ರ ಉತ್ತರದಲ್ಲಿ ಶೇ 38.1, ದಕ್ಷಿಣದಲ್ಲಿ ಶೇ 36.4. ಹೆಚ್ಚು ವ್ಯತ್ಯಾಸವೇ ಇಲ್ಲ. ಎದ್ದು ಕಾಣುವ ಅಂತರ ತಟ್ಟೆಯಲ್ಲಿತ್ತು: ದಿನಕ್ಕೆ ಉತ್ತರದವರು ತಿನ್ನುತ್ತಿದ್ದ ಗೋಧಿ ಸರಾಸರಿ 455 ಗ್ರಾಂ, ದಕ್ಷಿಣದವರದು 25 ಗ್ರಾಂ. ಆದರೆ ಈಶಾನ್ಯದವರು ತಿನ್ನುತ್ತಿದ್ದದ್ದು ಬರೀ 37 ಗ್ರಾಂ. ಹಾಗಾಗಿ ಗೋಧಿಯೊಂದರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ, ಬೇರೆ ಕಾರಣಗಳೂ ಸೇರಿಕೊಂಡಿವೆ. ಏನೇ ಇರಲಿ, ರಕ್ತದಲ್ಲಿ ಎಡೆ ಇರುವ ಜನ ಚಿಕ್ಕಬಳ್ಳಾಪುರದಲ್ಲೂ ಇದ್ದಾರೆ, ಅವರ ತಟ್ಟೆಯ ಗೋಧಿ ಏರುತ್ತಿದೆ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದ, ಬಿಸಿಲಲ್ಲೂ ಕೈಕಾಲು ತಣ್ಣಗಿರುವ ಹೆಣ್ಣುಮಗಳಿಗೆ ‘ನೀನು ಸರಿಯಾಗಿ ತಿನ್ನುತ್ತಿಲ್ಲ’ ಎಂದು ಗದರಿಸುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸುವುದು ನ್ಯಾಯ. ಟಿಟಿಜಿ ಎಂಬ ಆ ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬಾರದು. ಬಿಟ್ಟರೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಕಾಯಿಲೆ ಖಚಿತವಾದರೆ ಮದ್ದು ಒಂದೇ: ಬದುಕಿಡೀ ಗ್ಲುಟೆನ್ ಬಿಡುವುದು. ಲುಧಿಯಾನದ ಮನೆಗೆ ಅದು ಆಕಾಶ ಕಳಚಿ ಬಿದ್ದಂಥ ಸುದ್ದಿ. ಗೌರಿಬಿದನೂರಿನ ಮನೆಗೆ ಅಜ್ಜಿಯ ಅಡುಗೆಗೆ ಮರಳುವ ಕೆಲಸ. ರಾಗಿಯನ್ನು ಹಾಗೆ ಉಳಿಸಿಕೊಟ್ಟವರೂ ಇದ್ದಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿ ನಾಡ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಈಗ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಹಂಚುತ್ತದೆ. ಅಮೆರಿಕದ ಹಡಗಿನ ಗೋಧಿ ಕಂಡ ನ್ಯಾಯಬೆಲೆ ಅಂಗಡಿಯಲ್ಲೇ ಇಂದು ಹಿಟ್ಟಿನ ಸೀಮೆಯ ಕಾಳು ತೂಗುತ್ತದೆ.

ಆದರೂ ಗೋಧಿ ಕಾಣದ ಕಡೆ ಅಡಗಿರುತ್ತದೆ. ಅವರೆಕಾಳು ಸಾರಿನ ಒಗ್ಗರಣೆಗೆ ಹಾಕುವ ಡಬ್ಬಿಯ ಇಂಗಿನಲ್ಲಿ ಮೈದಾ ಬೆರೆತಿರುವುದು ಸಾಮಾನ್ಯ. ಹಿಟ್ಟಿನ ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲೇ ಮತ್ತೊಬ್ಬರ ರಾಗಿ ಬೀಸುತ್ತಾರೆ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಗ್ಲುಟೆನ್ ಇಲ್ಲವೆಂದು ಹೇಳಿಕೊಳ್ಳುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಗಿರಣಿಯ ಸಂದಿಯಲ್ಲಿ ಉಳಿದ ಒಂದು ಹಿಡಿ ಗೋಧಿ ಹಿಟ್ಟು ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿಸುತ್ತದೆ. ಹಾಗಾಗಿ ಕಾಯಿಲೆ ಇರುವವರ ಮನೆಯವರು ರಾಗಿಗೇ ಬೇರೆ ಯಂತ್ರ ಇಟ್ಟಿರುವ ಗಿರಣಿಯನ್ನು ಹುಡುಕಿಕೊಂಡು ಹೋಗಬೇಕು. ಅದು ಸಿಗದಿದ್ದರೆ ಹಿತ್ತಿಲಲ್ಲಿ ಬೋರಲು ಬಿದ್ದಿರುವ ಬೀಸುವ ಕಲ್ಲನ್ನು ಎತ್ತಿ ತಂದು, ತೊಳೆದು, ಗೂಟ ಬಡಿದು ಕೂರಬೇಕು.